ಕೊಕ್ಕೆಗೂ ಹಳಿಗೂ ನಡುವಿನ ಎಡೆ

ಬರವಣಿಗೆಯಲ್ಲಿ ದೋಷಗಳಿದ್ದರೆ ಓದುಗರು ಮನ್ನಿಸಬೇಕು — ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು, ಬರೆದುದನ್ನು ತಿದ್ದಿ ಕೊಡುವವರು ಯಾರೂ ಇರಲಿಲ್ಲ. ಆದರೆ ಇಲ್ಲಿ ಹೇಳಹೊರಟಿರುವ ತಪ್ಪಿಗೆ ಕ್ಷಮೆ ಕೇಳುತ್ತಿಲ್ಲ. ನನ್ನ ತಂಗಿಯ ಮಾದರಿ ರೈಲು ಹಳಿ ತಪ್ಪುವುದೆಂದು ನನಗೆ ಮೊದಲೇ ಗೊತ್ತಿತ್ತು. ನಾನು ಹೇಳಲಿಲ್ಲ.

ನಮ್ಮದು ಇಚಿಲಂಪಾಡಿ. ಅಪ್ಪ ಕಡಬ–ಪುತ್ತೂರು ಬಸ್ಸಿನ ಚಾಲಕರಾಗಿದ್ದರು. ನಾನು ಸುಳ್ಯದಲ್ಲಿ ಇಂಜಿನಿಯರಿಂಗ್ ಮುಗಿಸಿದ ವರ್ಷ ತಂಗಿ ವಿನುತ ಪುತ್ತೂರಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಳು. ನೆರೆಮನೆಯ ಅಬ್ಬಾಸ್ ಕಾಕ ಗಲ್ಫಿನಿಂದ ತಂದಿದ್ದ, ಕೆಟ್ಟುಹೋಗಿದ್ದ ಮಾದರಿ ರೈಲೊಂದನ್ನು ಅವಳಿಗೆ ಕೊಟ್ಟರು. ಅವಳು ಅದನ್ನು ರಿಪೇರಿ ಮಾಡಿ ಪ್ಲೈವುಡ್ ಹಲಗೆಯ ಮೇಲೆ ಓಡಿಸಿದಳು. ಹಳಿ ಎರಡಾಗಿ ಕವಲೊಡೆಯುವ ಸ್ವಿಚ್ಚಿನಲ್ಲಿ ಮಾತ್ರ ಬೋಗಿಗಳು ಸಿಕ್ಕಿಕೊಳ್ಳುತ್ತಿದ್ದವು. ಒಂದರ ಚಕ್ರಗಳು ತೀರಾ ಹತ್ತಿರವಿದ್ದವು, ಅಗಲಿಸಿದಳು. ಇನ್ನೊಂದರ ಜೋಡಣೆಯ ಕೊಕ್ಕೆ ಜೋತುಬಿದ್ದು ಹಳಿಗೆ ತಾಗುತ್ತಿತ್ತು, ಮೇಲಕ್ಕೆ ಬಗ್ಗಿಸಿದಳು. ಮದುವೆ ಕಾಗದದ ಅಂಚನ್ನು ಪಟ್ಟಿಯಾಗಿ ಕತ್ತರಿಸಿ ಕೊಕ್ಕೆಗೂ ಹಳಿಗೂ ನಡುವೆ ತೂರಿಸುವಳು. ಪಟ್ಟಿ ಸಲೀಸಾಗಿ ಹೋದರೆ ಎಡೆ ಉಂಟು ಎಂದು ಲೆಕ್ಕ.

ಪದವೀಧರನಾದ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಅವಳ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ರೈಲು ಸರಿಯಾಗಿ ಓಡಿದರೆ ಇವಳನ್ನೂ ಇಂಜಿನಿಯರಿಂಗಿಗೆ ಸೇರಿಸುವುದಾಗಿ ಅಪ್ಪ ಮಾತು ಕೊಟ್ಟರು. ಅಬ್ಬಾಸ್ ಕಾಕ ನನ್ನತ್ತ ನೋಡಿ ನಕ್ಕರು. "ದೊಡ್ಡವ ಓದಿ ಇಂಜಿನಿಯರ್, ಸಣ್ಣವಳು ಹುಟ್ಟಿಯೇ ಇಂಜಿನಿಯರ್ ಮಾರಾಯ್ರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಲ್ಕು ವರ್ಷ ಹಾಸ್ಟೆಲಿನಲ್ಲಿ ಇಂಗ್ಲಿಷಿಗೆ ಹೆದರಿ, ಲ್ಯಾಬಿನಲ್ಲಿ ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ನಾನು ಪಡೆದದ್ದು ಅವಳಿಗೆ ಹುಟ್ಟಿನಿಂದಲೇ ಬಂದಿತ್ತೇ? ಹಾಗಾದರೆ ನಾನು —

ಪ್ರದರ್ಶನದ ಹಿಂದಿನ ಸಂಜೆ ಅವಳು ಕೊನೆಯ ಬೋಗಿಗೆ ಹೊಸ ಕೊಕ್ಕೆ ಹಾಕಿದಳು. ಹಲಗೆಯಡಿ ಮಲಗಿ ತಂತಿ ಜೋಡಿಸುತ್ತಿದ್ದವಳು ಅಲ್ಲಿಂದಲೇ ಕೇಳಿದಳು, "ಅಣ್ಣ, ಎಡೆ ಉಂಟಾ ನೋಡು."

ಪಟ್ಟಿ ತೂರಿಸಿದೆ. ಸಿಕ್ಕಿಕೊಂಡಿತು. ಕೊಕ್ಕೆ ಬಗ್ಗಿಸುವ ಇಕ್ಕಳ ನನ್ನ ಮೊಣಕಾಲ ಪಕ್ಕದಲ್ಲೇ ಇತ್ತು.

"ಉಂಟು," ಎಂದೆ.

ಮರುದಿನ ಅಪ್ಪ ರಜೆ ಹಾಕಿ ಬಂದಿದ್ದರು. ಸ್ವಿಚ್ಚಿನ ಬಳಿ ಕೊನೆಯ ಬೋಗಿ ಮುಗ್ಗರಿಸಿತು, ಮುಂದಿನವನ್ನೂ ಎಳೆದುಕೊಂಡು ಮಗುಚಿತು. ಸುತ್ತ ನಿಂತವರು ನಕ್ಕರು. ವಿನುತ ನನ್ನನ್ನೇ ನೋಡಿದಳು. "ನೀನು ನೋಡಿದ್ದಲ್ವಾ ಅಣ್ಣ?"

"ನಾನು ನೋಡುವಾಗ ಸರಿ ಇತ್ತು. ಮತ್ತೆ ನೀನು ಎಂತ ಮಾಡಿದ್ದಿಯೋ," ಎಂದೆ, ಅಪ್ಪನಿಗೆ ಕೇಳಿಸುವಂತೆ. ಮೊದಲ ಸುಳ್ಳಿಗಿಂತ ಇದು ದೊಡ್ಡದು. ಅಂದಿನಿಂದ ಅವಳು ತನ್ನ ಕೈಯನ್ನೇ ನಂಬಲಿಲ್ಲ. ಅಪ್ಪ ಗದರಲಿಲ್ಲ, ಬಿ.ಕಾಂ. ಮಾಡು ಮಗಾ ಎಂದರು, ಅಷ್ಟೆ.

ಹಲವು ವರ್ಷ ಕಳೆದ ಮೇಲೆ, ಈ ವರ್ಷ ಅವಳಿಗೆ ಎಲ್ಲವನ್ನೂ ಹೇಳಿದೆ. "ಅಪ್ಪನಿಗೂ ನೀನೇ ಹೇಳು," ಎಂದಳು. ಹೇಳಿದೆ.

ವಿನುತ ಈಗ ಸುಳ್ಯದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಅಪ್ಪ ನನ್ನೊಡನೆ ಅಗತ್ಯದಷ್ಟೇ ಮಾತನಾಡುತ್ತಾರೆ. ಅವಳು ಊರಿಗೆ ಬರುವ ಮೊದಲು ನಾನು ಇದ್ದೇನೆಯೇ ಎಂದು ಅಮ್ಮನಿಗೆ ಫೋನ್ ಮಾಡುತ್ತಾಳೆ, ಇದ್ದರೆ ಬರುವುದಿಲ್ಲ.