ಸೈಕಲ್ ಸ್ಟ್ಯಾಂಡಿನಷ್ಟು ಉದ್ದ

ವೇಲ್ಸಿಗೆ ಹೊರಟ ಬೆಳಿಗ್ಗೆ ಮನೆಗೆ ಹತ್ತಿರದ ಗ್ರೀನ್‌ಫರ್ಡಿನಲ್ಲಿ ನಾನೂ ನಮ್ಮ ಯಜಮಾನರೂ ಬಾಡಿಗೆಗೆ ಮೋಟರ್‌ಹೋಮ್, ಅಂದರೆ ಒಳಗೇ ಮಲಗಬಹುದಾದ ಗಾಡಿ, ಆರಿಸುತ್ತಿದ್ದೆವು. ಚಿಕ್ಕ ಗಾಡಿಯ ಹಾಸಿಗೆಗಳೆಲ್ಲ ಮೇಲಿದ್ದವು.

“ಏಣಿ ಹತ್ತಿ ಮಲಗಕ್ಕೆ ನಾನೇನು ಕೋಳಿಯಾ? ನೀವಿಬ್ರೇ ಹೋಗ್ಬನ್ನಿ,” ಎಂದರು ಮೈಸೂರಿನಿಂದ ಬಂದಿದ್ದ ಅತ್ತೆ. ಅವರಿಗೆ ಮಂಡಿನೋವು.

ಉದ್ದನೆಯ ಗಾಡಿಯಲ್ಲಿ ಹಿಂದುಗಡೆ ತಗ್ಗಾದ ಹಾಸಿಗೆಯಿತ್ತು. ಅತ್ತೆ ಕೂತು ನೋಡಿ ಕಾಲು ಚಾಚಿದರು. ಆದರೆ ರಾತ್ರಿ ಗಾಡಿ ನಿಲ್ಲಿಸಿ ತಂಗಲು ನಾವು ಕಾದಿರಿಸಿದ್ದ ಕ್ಯಾಂಪ್‌ಸೈಟಿನಲ್ಲಿ ಏಳು ಮೀಟರಿಗಿಂತ ಉದ್ದದ ಗಾಡಿಗೆ ಪ್ರವೇಶವಿಲ್ಲ. ಇದು ಏಳಕ್ಕೆ ಸ್ವಲ್ಪ ಕಡಿಮೆಯೇ. ಅಲ್ಲಿಗೆ ಫೋನ್ ಮಾಡಿ ಕೇಳಿದರೆ, ಗಾಡಿಯ ಹಿಂದಿರುವ ಸೈಕಲ್ ಹೇರುವ ಸ್ಟ್ಯಾಂಡನ್ನೂ ಉದ್ದದ ಲೆಕ್ಕಕ್ಕೆ ಹಿಡಿಯುತ್ತಾರಂತೆ. ಅದು ಸೇರಿದರೆ ಏಳು ದಾಟುತ್ತದೆ.

ವೇಲ್ಸಿನ ಗುಡ್ಡಗಳಲ್ಲಿ ಓಡಿಸಬೇಕೆಂದು ನಮ್ಮ ಯಜಮಾನರು ಮನೆಯಿಂದ ಸೈಕಲ್ ತುಳಿದುಕೊಂಡೇ ಬಂದಿದ್ದರು. ಅದರ ಹ್ಯಾಂಡಲ್ ಹಿಡಿದು ಗಾಡಿಯ ಹಿಂದಿನ ಸ್ಟ್ಯಾಂಡನ್ನೊಮ್ಮೆ ನೋಡಿದರು.

“ನನಗೋಸ್ಕರ ಬೇಡ ಕಣೋ,” ಎಂದರು ಅತ್ತೆ.

“ಸೈಕಲ್ ತಾನೊಂದೇ ಮನೇಲಿರತ್ತೆ ಅಮ್ಮ. ನಿನ್ನೊಬ್ಬಳನ್ನೇ ಬಿಟ್ಟು ಹೋಗಕ್ಕಾಗತ್ತಾ?”

ಸ್ಟ್ಯಾಂಡ್ ಕಳಚಿಸಿ, ಸೈಕಲ್ ಬಿಟ್ಟುಬರಲು ಅವರು ರೇನರ್ಸ್ ಲೇನಿನ ನಮ್ಮ ಮನೆಯ ಕಡೆ ತುಳಿದರು. ಅವರನ್ನು ಅಲ್ಲಿ ಹತ್ತಿಸಿಕೊಳ್ಳಲು ಗಾಡಿಯನ್ನು ನಾನು ಹಿಂದೆಯೇ ಹೊರಡಿಸಿದೆ. ಪಕ್ಕದಲ್ಲಿ ಬೆಲ್ಟ್ ಹಾಕಿ ಕೂತಿದ್ದ ಅತ್ತೆ, “ನಿಧಾನಕ್ಕೆ ಹೋಗಮ್ಮ, ಅವನನ್ನ ದಾಟ್ಬೇಡ,” ಎಂದರು.