ಹಳದಿ ದಾರದ ಹುಂಜ

ನಾವಿರುವ ನುಂಗಂಬಾಕ್ಕಂ ಫ್ಲ್ಯಾಟಿನ ವಾಚ್‌ಮನ್ ಹೆಂಡತಿ ಮೆಟ್ಟಿಲ ಕೆಳಗೆ ಎರಡು ಕೋಳಿ ಸಾಕಿದ್ದಾಳೆ. ಅಸೋಸಿಯೇಷನ್‌ನವರಿಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾದ ದಿನ ಕೋಳಿಯೂ ಇರುವುದಿಲ್ಲ, ಪಾಪ, ಅವಳೂ ಇರುವುದಿಲ್ಲ. ಮೊನ್ನೆ ಬೆಳಿಗ್ಗೆ ಹಾಲಿಗೆಂದು ಕೆಳಗಿಳಿದಾಗ ಅವಳು ಹಳೇ ಪೇಂಟ್ ಡಬ್ಬದಲ್ಲಿ ತವುಡಿಗೆ ಅನ್ನ ಬಸಿದ ಗಂಜಿ ಸುರಿದು ಕೈಯಲ್ಲಿ ಕಲಸುತ್ತಿದ್ದಳು. ಆ ವಾಸನೆ... ಸ್ವಲ್ಪ ಹುಳಿ, ಸ್ವಲ್ಪ ಧೂಳು. ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಏನಾಯ್ತು ಎಂದು ಅವಳು ಕೇಳಿದ್ದಕ್ಕೆ ಮೊಣಕಾಲು ನೋವು ಎಂದು ಸುಳ್ಳು ಹೇಳಿದೆ.

ನೆನಪಾಗಿದ್ದು ಮೈಲಾಪೂರಿನ ಕೆಳಗಿನ ಮನೆ ಅಕ್ಕ.

ನಾನು ಬ್ಯಾಂಕಿನಲ್ಲಿದ್ದೆ, ನಮ್ಮ ಯಜಮಾನರು ಇನ್ಶೂರೆನ್ಸ್‌ನಲ್ಲಿ. ಮಂಡ್ಯದ ಕಡೆಯಿಂದ ಬಂದ ನಮಗೆ ಮೈಲಾಪೂರಿನಲ್ಲಿ ಒಂದು ಹಳೇ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತ್ತು. ಕೆಳಗೆ ಅಕ್ಕ ಒಬ್ಬರೇ ಇದ್ದರು. ಅವರ ಹಿರಿಯರು ಕೋಲಾರದ ಕಡೆಯವರು; ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ಹೊಸೂರಿನಲ್ಲಿದ್ದಳು. ಅಕ್ಕನ ಕನ್ನಡದಲ್ಲಿ ಅರ್ಧ ತಮಿಳು. ಮಗಳಂತೂ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಅದರಿಂದ ಏನೂ ತೊಂದರೆ ಇರಲಿಲ್ಲ.

ಆ ಮನೆಗೆ ಒಂದು ಹಿತ್ತಲಿತ್ತು. ಅಕ್ಕಪಕ್ಕ ಎಲ್ಲ ಮೂರು ಮಹಡಿ, ನಾಲ್ಕು ಮಹಡಿ ಎದ್ದಿದ್ದರೂ ನಮ್ಮ ಓನರ್ ಅಣ್ಣತಮ್ಮಂದಿರ ಜಗಳದ ದಯೆಯಿಂದ ಆ ಜಾಗ ಹಾಗೇ ಉಳಿದಿತ್ತು. ಅದರ ತುಂಬ ಅಕ್ಕನ ಸಂಸಾರ. ಹದಿನೈದಿಪ್ಪತ್ತು ನಾಟಿ ಕೋಳಿ, ಸಿಮೆಂಟ್ ತೊಟ್ಟಿಯಲ್ಲಿ ಒಂದು ಜೋಡಿ ಬಾತು, ನುಗ್ಗೆ ಮರಕ್ಕೆ ಕಟ್ಟಿದ ಒಂದು ಮೇಕೆ. ಆ ಮೇಕೆಗೆ ನಾನು ಒಣಹಾಕಿದ ಸೀರೆಗಳ ಮೇಲೆ ವಿಪರೀತ ಪ್ರೀತಿ.

ನನಗೆ ಮೊದಮೊದಲು ಆಗುತ್ತಿರಲಿಲ್ಲ. ನಮ್ಮದು ಈರುಳ್ಳಿ ಹಾಕುವುದಕ್ಕೂ ನಾಲ್ಕು ಸಲ ಯೋಚಿಸುವ ಮನೆ. ಬೆಳಿಗ್ಗೆ ಕಿಟಕಿ ತೆಗೆದರೆ ಕೋಳಿ ಹಿಕ್ಕೆಯ ವಾಸನೆ. ಅಕ್ಕ ಕೆಳಗಿನಿಂದಲೇ ನನ್ನ ಮುಖ ನೋಡಿ ನಗುತ್ತಿದ್ದರು. “ಏನಮ್ಮಾ, ಮೂಗು ಮುಚ್ಕೊಂಡು ಓಡ್ತೀಯಾ? ಇರು, ನಿಮ್ ಯಜಮಾನ್ರೇ ಒಂದಿನ ಮೊಟ್ಟೆ ಕೇಳ್ಕೊಂಡು ಬರ್ತಾರೆ. ಸುಮ್ಮಾ ಹೇಳ್ತೀನಾ?”

ಯಜಮಾನರು ಮೊಟ್ಟೆ ಕೇಳಲಿಲ್ಲ. ಆದರೆ ನಾನು ಮಾತ್ರ ದಿನಾ ಕಾಫಿ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂರತೊಡಗಿದೆ. ಕೋಳಿಗಳ ಮೇಲೆ ರಾತ್ರಿ ಕವುಚಿಟ್ಟ ಮಂಕರಿಯನ್ನು ಅಕ್ಕ ಎತ್ತಿದ ಕೂಡಲೇ ಕೋಳಿಗಳು ಸಿನಿಮಾ ಬಿಟ್ಟ ಜನರ ಹಾಗೆ ನುಗ್ಗಿ ಬರುತ್ತಿದ್ದವು. ಒಂದೊಂದನ್ನೇ ಹಿಡಿದು ಹಿಂಭಾಗಕ್ಕೆ ಬೆರಳಿಟ್ಟು ನೋಡಿ, “ಇವಳು ಇವತ್ತು ಇಡ್ತಾಳೆ, ಇವಳು ನಾಳೆ, ಇವಳಿಗೆ ಸೋಮಾರಿತನ” ಎಂದು ಹೇಳಿ ಬಿಡುತ್ತಿದ್ದರು. ಕಾವಿಗೆ ಕೂರಿಸುವಾಗ ಕುಕ್ಕೆಗೆ ಮರಳು ಹಾಕಿ, ಮೊಟ್ಟೆ ಜೋಡಿಸಿ, ಪಕ್ಕದಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲು, ಒಂದು ಒಣಮೆಣಸಿನಕಾಯಿ ಇಡಬೇಕು. ಇಲ್ಲದಿದ್ದರೆ ಗುಡುಗಿನ ಸದ್ದಿಗೆ ಒಳಗಿನ ಮರಿ ಕೆಡುತ್ತದಂತೆ. ಮೊಳೆಗೂ ಗುಡುಗಿಗೂ ಏನು ಸಂಬಂಧ ಅಕ್ಕಾ ಎಂದು ನಾನು ರೇಗಿಸಿದರೆ, “ಕಾಯೋಕೆ ಒಂದು ಏನಾದ್ರೂ ಬೇಕಲ್ಲಮ್ಮಾ” ಎನ್ನುತ್ತಿದ್ದರು. ಅಷ್ಟೇ ಉತ್ತರ.

ಮಗಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೆಯದು ಐದು ತಿಂಗಳಾಗಿ ಹೋಗಿತ್ತು. ಮೂರನೇ ಸಲ ಏಳು ತುಂಬಿದಾಗ ಅಕ್ಕ ಹೊಸೂರಿಗೆ ಹೋಗಿ, ಕಾರು ಮಾಡಿಕೊಂಡು, ಗಾಜಿನ ಸಾಮಾನು ತರುವ ಹಾಗೆ ಅವಳನ್ನು ಕರೆತಂದರು. ಡಾಕ್ಟರು ಆದಷ್ಟು ಮಲಗಿಯೇ ಇರಬೇಕು ಎಂದಿದ್ದರು. ಹಿತ್ತಲಿಗೆ ಕಿಟಕಿ ಇರುವ ಕೋಣೆಯಲ್ಲಿ ಅವಳ ಮಂಚ.

ಆ ಶುಕ್ರವಾರವೇ ಅಕ್ಕ ಹರಕೆ ಹೊತ್ತರು. ಇದ್ದ ಹುಂಜಗಳಲ್ಲೆಲ್ಲ ಕೆಂಪಗೆ ಎದೆಯೆತ್ತಿ ನಡೆಯುತ್ತಿದ್ದುದನ್ನು ಹಿಡಿದು, ತಲೆಗೆ ನೀರು ಚಿಮುಕಿಸಿ, ಕಾಲಿಗೆ ಅರಿಶಿನದಲ್ಲಿ ಅದ್ದಿದ ದಾರ ಕಟ್ಟಿದರು. ಊರಿನ ಕಡೆ ಮುಖ ಮಾಡಿ ಮನೆದೇವರಿಗೆ ಗಟ್ಟಿಯಾಗಿಯೇ ಹೇಳಿದರು. “ಅಮ್ಮಾ, ಉಸಿರಾಡೋ ಮಗೂನ ನಮ್ ಕೈಗೆ ಹಾಕು. ಇದು ಇವತ್ತಿಂದ ನಿನ್ನದು. ನಾನು ಕಾಯೋಳು ಅಷ್ಟೆ.”

ದಾರ ಕಟ್ಟಿದ ಮೇಲೆ ಆ ಹುಂಜವನ್ನು ಮಾರುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ. ಮಗುವಿಗೆ ಹೆಸರಿಟ್ಟ ಮೇಲೆ ಊರಿಗೆ ಒಯ್ದು ಒಪ್ಪಿಸಬೇಕು. ಅಲ್ಲಿಯವರೆಗೆ ಅದಕ್ಕೆ ಒಂದು ಕುಂದು ಬರಬಾರದು. ಬಂದರೆ ದೇವರು ಹರಕೆ ಒಪ್ಪಲಿಲ್ಲ ಎಂದೇ ಅರ್ಥ. ಇದನ್ನೆಲ್ಲ ಅಕ್ಕ ನನಗೆ ವಿವರಿಸುವಾಗ ಕಿಟಕಿಯ ಒಳಗಿನಿಂದ ಮಗಳೂ ಕೇಳಿಸಿಕೊಳ್ಳುತ್ತಿದ್ದಳು.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಮಂಕರಿ ಎತ್ತಿದರೆ ಒಂದು ಹೇಂಟೆ ಹೊರಗೆ ಬರಲೇ ಇಲ್ಲ. ರೆಕ್ಕೆ ಇಳಿಬಿಟ್ಟುಕೊಂಡು ತೂಕಡಿಸುತ್ತಿತ್ತು. ಕೆಳಗೆ ಸುಣ್ಣದ ನೀರಿನ ಹಾಗೆ ಭೇದಿ. ಅಕ್ಕನ ಮುಖ ಬಿಳಿಚಿಕೊಂಡಿತು. ನಮ್ಮ ಕಡೆ ಕೊಕ್ಕರೆ ರೋಗ ಎನ್ನುತ್ತಾರಲ್ಲ, ಅದೇ. ಒಂದಕ್ಕೆ ಬಂದರೆ ಹಿಂಡನ್ನೇ ಗುಡಿಸಿಕೊಂಡು ಹೋಗುತ್ತದೆ.

ನಾನು ಬ್ಯಾಂಕಿಗೆ ರಜೆ ಹಾಕಿ ಪಶು ಆಸ್ಪತ್ರೆಯ ಡಾಕ್ಟರನ್ನು ಕರೆತಂದೆ. ಕಾಯಿಲೆ ಬಿದ್ದದ್ದಕ್ಕೆ ಔಷಧಿ ಇಲ್ಲ, ಆರೋಗ್ಯವಾಗಿರುವುದಕ್ಕೆ ಲಸಿಕೆಯ ಹನಿ ಹಾಕಿ ದೂರ ಇಡಿ, ಅದೂ ಗ್ಯಾರಂಟಿ ಇಲ್ಲ ಎಂದು ಅವರು ಹೇಳಿಹೋದರು. ಅಕ್ಕ ಕೈಕಟ್ಟಿ ಕೂರುವವರಲ್ಲ. ಸಣ್ಣ ಈರುಳ್ಳಿ, ಜೀರಿಗೆ, ಅರಿಶಿನ, ನೆಲನೆಲ್ಲಿ ಸೊಪ್ಪು ಅರೆದು ಉಂಡೆ ಮಾಡಿ ಒಂದೊಂದರ ಬಾಯಿಗೂ ತುರುಕಿದರು. ಅರೆದುಕೊಟ್ಟವಳು ನಾನೇ, ನಮ್ಮ ಮಿಕ್ಸಿಯಲ್ಲಿ. ಏನೂ ಪ್ರಯೋಜನವಾಗಲಿಲ್ಲ. ದಿನಾ ಬೆಳಿಗ್ಗೆ ಎರಡು, ಮೂರು... ಕೆಲವು ಕತ್ತು ತಿರುಚಿಕೊಂಡು ಗಿರಗಿರನೆ ಸುತ್ತಿ ಬೀಳುತ್ತಿದ್ದವು. ನೋಡಲಾಗುತ್ತಿರಲಿಲ್ಲ. ನುಗ್ಗೆ ಮರದ ಆಚೆ ಗುಂಡಿ ತೋಡಿ ತೋಡಿ ಅಕ್ಕನ ಕೈಯಲ್ಲಿ ಬೊಬ್ಬೆ ಬಂದಿತ್ತು.

ಹುಂಜ ಮಾತ್ರ ಇನ್ನೂ ನೆಟ್ಟಗಿತ್ತು. ಅದನ್ನು ಎದೆಗೆ ಅವುಚಿಕೊಂಡು ಅಕ್ಕ ನಮ್ಮ ಬಾಗಿಲಿಗೆ ಬಂದರು. “ಇಲ್ಲ ಅನ್ಬೇಡಮ್ಮಾ. ನಿಮ್ ಅಡುಗೆಮನೆ ಹಿಂದೆ ಇಟ್ಕೋ. ಕೋಳಿ ಅಂತ ನೋಡ್ಬೇಡ, ನನ್ ಮಗಳು ಅಂತ ನೋಡು.”

ಸುಮ್ಮನೆ ದಾರಿ ಬಿಟ್ಟೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, “ಮುಂದಿನ ವಾರ ಮೇಕೆಯೂ ಬರುತ್ತೆ, ನೋಡ್ತಿರು” ಎಂದರು. ಆದರೆ ಅದರ ನೀರಿನ ಬಟ್ಟಲು ತುಂಬಿಸುತ್ತಿದ್ದವರು ಅವರೇ.

ಅಕ್ಕ ಮೇಲೆ ಬರುವ ಮೊದಲು ಪ್ರತಿ ಸಲ ಸೀರೆ ಬದಲಾಯಿಸಿ, ಅರಿಶಿನದ ನೀರಿನಲ್ಲಿ ಕೈಕಾಲು ತೊಳೆಯುತ್ತಿದ್ದರು. ಹುಂಜದ ಜುಟ್ಟು ಮುಟ್ಟುವುದು, ಹೊಟ್ಟೆ ಚೀಲ ತುಂಬಿದೆಯೇ ಎಂದು ಹಿಸುಕುವುದು, ಹಿಕ್ಕೆ ನೋಡುವುದು. ಎಲ್ಲ ಸರಿಯಿದ್ದರೆ ಮುಖ ಅರಳುತ್ತಿತ್ತು. ಕೆಳಗಿಳಿದು ಮಗಳಿಗೆ, “ನೆಟ್ಟಗೈತೆ ಕಣೇ, ನುಚ್ಚು ತಿಂತು” ಎನ್ನುವುದು ನನಗೆ ಮೇಲಕ್ಕೆ ಕೇಳಿಸುತ್ತಿತ್ತು. ಕೆಳಗೆ ಹಿತ್ತಲು ಖಾಲಿಯಾಗುತ್ತಾ ಹೋಯಿತು, ಕೊನೆಯ ಹೇಂಟೆಯೂ ಸತ್ತಿತು. ಅಕ್ಕ ಕಣ್ಣೀರು ಹಾಕಲಿಲ್ಲ. “ಹೋಗ್ಲಿ, ಎಲ್ಲಾ ಹೋಗ್ಲಿ, ಅದೊಂದು ಇದ್ರೆ ಸಾಕು” ಎಂದರು. ಯಾವುದೊಂದು ಎಂದು ನಾನು ಕೇಳಲಿಲ್ಲ. ಅವರ ಮನಸ್ಸಿನಲ್ಲಿ ಹುಂಜವೂ ಮಗುವೂ ಆಗಲೇ ಬೇರೆ ಬೇರೆಯಾಗಿ ಉಳಿದಿರಲಿಲ್ಲ.

ಒಂಬತ್ತನೇ ತಿಂಗಳು ನಡೆಯುತ್ತಿತ್ತು. ಆ ದಿನ ಸಂಜೆ ನಾನು ಕೆಲಸದಿಂದ ಬಂದಾಗ ಮಗಳು ಮಂಚದ ಮೇಲೆ ಎದ್ದು ಕೂತಿದ್ದಳು. ಹೊಟ್ಟೆಯ ಮೇಲೆ ಎರಡೂ ಕೈ. “ಕೊಳಂದೆ ಅಸೈಯಲೆ ಆಂಟಿ,” ಎಂದಳು. ಮಗು ಅಲುಗುತ್ತಿಲ್ಲ. ಯಾವಾಗಿನಿಂದ ಎಂದೆ. ಬೆಳಿಗ್ಗೆಯಿಂದ ಎಂದಳು.

ಬೆಳಿಗ್ಗೆಯೇ ಅಮ್ಮನಿಗೆ ಹೇಳಿದ್ದಳು. ಅಕ್ಕ ಗಾಬರಿಯಾಗಿ ಓಡಿದ್ದರು. ಆದರೆ ಓಡಿದ್ದು ಆಟೋ ಹಿಡಿಯುವುದಕ್ಕಲ್ಲ, ನಮ್ಮ ಮಹಡಿಗೆ. ಅವರ ಹತ್ತಿರ ನಮ್ಮ ಮನೆಯ ಇನ್ನೊಂದು ಬೀಗದ ಕೈ ಇತ್ತು. ಹುಂಜವನ್ನು ಹಿಡಿದು ಜುಟ್ಟು ನೋಡಿದರು, ಕೆಂಪಗಿತ್ತು. ನುಚ್ಚು ಹಾಕಿದರು, ತಿಂದಿತು. ಕೆಳಗಿಳಿದು ಮಗಳ ತಲೆ ಸವರಿ, “ಏನೂ ಇಲ್ಲ, ನೆಟ್ಟಗೈತೆ. ಮಗು ನಿದ್ದೆ ಮಾಡ್ತೈತೆ, ನೀನೂ ಮಲ್ಕೋ” ಎಂದಿದ್ದರು. ಮಧ್ಯಾಹ್ನ ಮತ್ತೊಮ್ಮೆ ಹತ್ತಿ ನೋಡಿ ಬಂದು ಮತ್ತೆ ಹಾಗೇ ಹೇಳಿದ್ದರು.

ಅಕ್ಕನ ಮೇಲೆ ಕೂಗಾಡಿದೆ, ಏನು ಕೂಗಿದೆನೋ ನೆನಪಿಲ್ಲ. ಆಟೋ ತಂದು ಇಬ್ಬರನ್ನೂ ಹತ್ತಿಸಿ ನಾನೂ ಕೂತೆ. ಸಂಜೆಯ ಟ್ರಾಫಿಕ್ಕು, ಒಂದೊಂದು ಸಿಗ್ನಲ್ಲೂ ಒಂದು ಯುಗ. ದಾರಿಯುದ್ದಕ್ಕೂ ಅಕ್ಕ ಒಂದೇ ಮಾತು ಹೇಳುತ್ತಿದ್ದರು. “ನುಚ್ಚು ತಿಂತಲ್ಲ... ನುಚ್ಚು ತಿಂತಲ್ಲ...”

ಆಸ್ಪತ್ರೆಯಲ್ಲಿ ಎದೆಬಡಿತ ಹುಡುಕಿದರು. ಇನ್ನೊಬ್ಬ ಡಾಕ್ಟರು ಬಂದು ಹುಡುಕಿದರು. ಆಮೇಲೆ ಹುಡುಕುವುದನ್ನು ನಿಲ್ಲಿಸಿದರು. ಡಾಕ್ಟರಮ್ಮ ಹೊರಗೆ ಬಂದು ತಮಿಳಿನಲ್ಲಿ ಮೆಲ್ಲಗೇ ಕೇಳಿದರು, ಬೆಳಿಗ್ಗೆಯೇ ಯಾಕೆ ಬರಲಿಲ್ಲ ಎಂದು. ಬೆಳಿಗ್ಗೆಯೇ ಬಂದಿದ್ದರೆ ಉಳಿಯುತ್ತಿತ್ತು ಎಂದೂ ಅವರು ಹೇಳಲಿಲ್ಲ, ಉಳಿಯುತ್ತಿರಲಿಲ್ಲ ಎಂದೂ ಹೇಳಲಿಲ್ಲ. ಅಕ್ಕ ಬಾಯಿ ತೆರೆದರು. ಉತ್ತರ ಗೊತ್ತಿತ್ತು. ಆದರೆ ಯಾವ ಮನುಷ್ಯರ ಮುಂದೆ ಆ ಉತ್ತರ ಹೇಳಲಾಗುತ್ತದೆ?

ಹೆಣ್ಣು ಮಗು. ತಲೆ ತುಂಬ ಕೂದಲಿತ್ತು.

ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆ ಹುಂಜ ಎಂದಿನಂತೆ ಕೂಗಿತು. ಕೆಳಗಿನ ಕೋಣೆಯ ಕಿಟಕಿ ದಡಾರನೆ ಮುಚ್ಚಿಕೊಂಡಿತು. ಮಗಳು ಅತ್ತಳೋ ಇಲ್ಲವೋ ನಾನು ಕಾಣೆ. ಅಮ್ಮನ ಹತ್ತಿರ ಒಂದು ಮಾತೂ ಆಡಲಿಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೆ ಗಂಡ ಬಂದು ಕರೆದುಕೊಂಡು ಹೋದ. ಆಮೇಲೆ ಹಬ್ಬಕ್ಕೊಂದು ಫೋನು. ಊಟ ಆಯ್ತಾ, ಆಯ್ತು, ಇಡ್ಲಾ, ಇಡು. ಅಕ್ಕ ಫೋನ್ ಕೆಳಗಿಟ್ಟು ನನ್ನ ಕಡೆ ನೋಡುತ್ತಿದ್ದರು. “ಬಯ್ದುಬಿಟ್ರೆ ಚೆನ್ನಾಗಿತ್ತು ಕಣಮ್ಮಾ. ಬಯ್ಯೋದೂ ಬೇಡ ಅನ್ಸಿದೆ ಅವಳಿಗೆ.”

ಮೇಕೆ, ಬಾತು ಎಲ್ಲ ಯಾರ್ಯಾರಿಗೋ ಕೊಟ್ಟರು. ಹುಂಜ ಉಳಿಯಿತು. ಊರಿಗೆ ಒಯ್ದು ಒಪ್ಪಿಸಿ ಕೈ ತೊಳೆದುಕೊಳ್ಳಿ ಎಂದೆ ಒಮ್ಮೆ. ಅಕ್ಕ ತಲೆಯಾಡಿಸಿದರು. “ಆ ದೇವಿ ಕೊಟ್ಟಿದ್ರೆ ತಾನೇ ನಾನು ಕೊಡೋದು? ಇಟ್ಕೊಳ್ಳಾಣ ಅಂದ್ರೆ ನನ್ನದೂ ಅಲ್ಲ ಇದು.” ಹೀಗೆ ಯಾರದೂ ಅಲ್ಲದ ಆ ಹುಂಜ ಮುದಿಯಾಗುವವರೆಗೂ ಆ ಖಾಲಿ ಹಿತ್ತಲಿನಲ್ಲಿ ಒಂದೇ ಓಡಾಡಿಕೊಂಡಿತ್ತು. ದಾರ ಯಾವಾಗಲೋ ಕಿತ್ತುಹೋಗಿತ್ತು. ನಾನಾಗಿದ್ದರೆ ಅದನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಅಕ್ಕ ದಿನಾ ಅದಕ್ಕೆ ತವುಡು ಕಲಸಿದರು. ಒಂದು ದಿನ ಕಲಸುತ್ತಾ ಕಲಸುತ್ತಾ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು. “ಕೋಳಿ ಮೈ ನೋಡ್ದೆ. ಮಗಳ ಮೈ ನೋಡ್ಲಿಲ್ಲ.”

ಅದಾದ ಮೇಲೆ ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹುಂಜ ಸತ್ತಿತು. ಅಕ್ಕನೂ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಮಗಳು ಬಂದು ಎಲ್ಲ ಕಾರ್ಯ ಮುಗಿಸಿ, ನನಗೆ ಕೈಮುಗಿದು ಹೋದಳು. ಓನರ್‌ಗಳ ಜಗಳ ತೀರಿತು, ಮನೆ ಒಡೆದರು, ನಾವು ನುಂಗಂಬಾಕ್ಕಂಗೆ ಬಂದೆವು...

ಮೊನ್ನೆ ಹಾಲಿನ ಪ್ಯಾಕೆಟ್ ಒಳಗಿಟ್ಟವಳೇ ನಾನು ಆ ಮಗಳಿಗೆ ಫೋನ್ ಮಾಡಿದೆ. ವರ್ಷಗಳೇ ಆಗಿದ್ದವು. ಅದೂ ಇದೂ ಮಾತಾಡಿದ ಮೇಲೆ ಅವಳೇ ತಡೆದು ತಡೆದು ಕನ್ನಡದಲ್ಲಿ ಕೇಳಿದಳು. “ಆಂಟಿ, ಅಮ್ಮ ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?”

ಮುಚ್ಚಿಟ್ಟು ಯಾರಿಗೆ ಏನಾಗಬೇಕಿದೆ ಎನ್ನಿಸಿತು. ಕೋಳಿ ಮೈ ನೋಡಿದೆ, ಮಗಳ ಮೈ ನೋಡಲಿಲ್ಲ ಎಂದಿದ್ದರು ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ನೀನು ಮಾತಾಡದೆ ಹೋದೆಯಲ್ಲ, ಆ ಕೊರಗಲ್ಲೇ ಹೋದರು ಎಂದೂ ಸ್ವಲ್ಪ ಬಿರುಸಾಗಿಯೇ ಹೇಳಿದೆ.



“ನಾನೂ ಹಂಗೇ ಇದ್ದೆ ಆಂಟಿ,” ಎಂದಳು. “ದಿನಾ ಬೆಳಿಗ್ಗೆ ಆ ಹುಂಜ ಕೂಗೋದನ್ನೇ ಕಾಯ್ತಾ ಮಲಗಿರ್ತಿದ್ದೆ. ಕೂಗಿದ್ರೆ ಸರಿ, ಇವತ್ತು ಏನೂ ಆಗಲ್ಲ ಅಂತ. ಅವತ್ತೂ ಕೂಗ್ತು. ಅಮ್ಮ ಮಲ್ಕೋ ಅಂದ್ರು ಅಂತ ಅಲ್ಲ ನಾನು ಮಲ್ಕೊಂಡಿದ್ದು. ಅದು ಕೂಗ್ತಲ್ಲ, ಅದಕ್ಕೆ.”

“ಇದನ್ನ ಅಮ್ಮಂಗೆ ಹೇಳಿದ್ಯಾ?”

“ಹೇಗೆ ಹೇಳೋದು? ಆಸ್ಪತ್ರೆಯಿಂದ ಬಂದ್ಮೇಲೆ ಅಮ್ಮ ನನ್ನ ಮುಖಾನೇ ನೋಡ್ಲಿಲ್ಲ. ಗಲಾಟೆ ಮಾಡಿಯಾದ್ರೂ ಆಸ್ಪತ್ರೆಗೆ ಹೊರಡದೆ ಬಿದ್ಕೊಂಡಿದ್ದೆ ಅಂತ ನನ್ನ ಮೇಲೆ ಕೋಪ ಅಂದ್ಕೊಂಡೆ.”

ಫೋನ್ ಇಟ್ಟೆ. ಅಡುಗೆಮನೆಗೆ ಹೋದೆ, ಹಾಲು ಒಲೆಯ ಮೇಲಿಟ್ಟೆ, ಉರಿ ಹಚ್ಚುವುದು ಮರೆತು ಅದರ ಮುಂದೆ ನಿಂತಿದ್ದೆ. ಯಜಮಾನರು ಬಂದು ಏನಾಯ್ತೇ ಎಂದರು. ಅವರಿಗೆ ಹೇಳಿ ಏನು ಮಾಡುವುದು? ಮಗಳ ಆ ಮಾತು ತಲುಪಬೇಕಿದ್ದದ್ದು ಅಕ್ಕನಿಗೆ, ಅವರೊಬ್ಬರಿಗೇ.