ಮೇಲಿನಹಟ್ಟಿಯ ಮಿಸ್ಸು, ಕೆಳಗಿನಹಟ್ಟಿಯ ಜೋಕಾಲಿ

ಮೇಲಿನಹಟ್ಟಿಯ ಅಂಗನವಾಡಿ ಬಾಗಿಲಲ್ಲಿ ನಿಂತರೆ ಕೆರೆಯ ಏರಿ ಕಾಣುತ್ತದೆ. ಏರಿಯ ಆ ತುದಿಗೆ ಕೆಳಗಿನಹಟ್ಟಿ. ಮೊದಲೆಲ್ಲ ಅಲ್ಲಿ ಕಾಣುತ್ತಿದ್ದುದು ಒಂದು ಹುಣಸೆಮರ, ಅಷ್ಟೆ. ಈಗ ಅದರ ಪಕ್ಕ ಹಳದಿ ಗೋಡೆಯ ಹೊಸ ಕಟ್ಟಡವೊಂದು ಎದ್ದಿದೆ. ಅದರ ಅಂಗಳದಲ್ಲಿ ಜೋಕಾಲಿ. ಜೋಕಾಲಿ ಮೇಲಕ್ಕೆ ಹೋದಾಗ ಅದರಲ್ಲಿ ಕೂತ ಮಗುವಿನ ಕಾಲೆರಡು ಕಾಂಪೌಂಡಿನ ಮೇಲೆ ಕಾಣಿಸಿ ಮರೆಯಾಗುತ್ತವೆ.

ಅದನ್ನು ನೋಡಬಾರದೆಂದೇ ವರಲಕ್ಷ್ಮಿ ಬಾಗಿಲಿಗೆ ಬೆನ್ನು ಹಾಕಿ ಕೂತು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಆದರೂ ನಡುನಡುವೆ ಕತ್ತು ತಾನಾಗಿ ತಿರುಗಿಬಿಡುತ್ತಿತ್ತು. ಆ ಕಾಲುಗಳು ಯಾರ ಮಗುವಿನವು, ಕೆಳಗಿನಹಟ್ಟಿಯವೋ ತನ್ನ ಹಟ್ಟಿಯವೋ ಎಂದು ಅಷ್ಟು ದೂರದಿಂದ ಗೊತ್ತಾಗುವ ಹಾಗಿರಲಿಲ್ಲ. ಗೊತ್ತಾಗದೆ ಇದ್ದುದರಿಂದ ಉರಿ ಇನ್ನೂ ಹೆಚ್ಚಾಗುತ್ತಿತ್ತು.

ವರಲಕ್ಷ್ಮಿ ಮಧುಗಿರಿ ಕಡೆಯ ಹೆಣ್ಣು. ಮದುವೆಯಾಗಿ ಪಾವಗಡ ತಾಲ್ಲೂಕಿನ ಈ ಹಟ್ಟಿಗೆ ಬಂದ ಮೇಲೆ ಅಂಗನವಾಡಿ ಕೆಲಸ ಸಿಕ್ಕಿತು. ಊರಿನವರಿಗೆ ಅವಳು ಟೀಚರಮ್ಮ, ಮಕ್ಕಳಿಗೆ ಮಿಸ್ಸು. ಅದು ಮಿನಿ ಅಂಗನವಾಡಿ. ಸಹಾಯಕಿ ಇಲ್ಲ, ಹಾಡು ಹೇಳುವವಳೂ ಅವಳೇ, ಸಾರು ಕುದಿಸುವವಳೂ ಅವಳೇ. ಕೇಂದ್ರವೆಂದರೆ ಕಲ್ಲುಚಪ್ಪಡಿ ಹೊದಿಸಿದ ಒಂದು ಹಳೆಯ ಕೋಣೆ. ಮಳೆ ಬಂದರೆ ಚಪ್ಪಡಿಗಳ ಸಂದಿನಲ್ಲಿ ನೀರಿಳಿಯುತ್ತದೆ. ಶೌಚಾಲಯವಿಲ್ಲ, ಮಕ್ಕಳು ಹಿಂದಿನ ಜಾಲಿಗಿಡಗಳ ಮರೆಗೆ ಓಡುತ್ತಾರೆ. ಆದರೆ ಆ ಕೋಣೆಯ ನೆಲದಲ್ಲಿ ಒಂದು ಅಗುಳು ಬಿದ್ದಿರುವುದನ್ನು ಯಾರೂ ಕಂಡಿಲ್ಲ. ಮಕ್ಕಳ ಚಪ್ಪಲಿಗಳು ಬಾಗಿಲ ಹೊರಗೆ ಜೋಡಿಜೋಡಿಯಾಗಿ ಇರುತ್ತವೆ. ಗೋಡೆಯ ಚಾರ್ಟುಗಳನ್ನೆಲ್ಲ ಅವಳೇ ಬರೆದದ್ದು. ಮಾವಿನಹಣ್ಣು ಮಾವಿನಹಣ್ಣಿನ ಹಾಗೆಯೇ ಇದೆ.

ಕೆಳಗಿನಹಟ್ಟಿಯ ಅಂಗನವಾಡಿ ನಡೆಸುವ ಮಂಗಳಾಗೆ ಚಾರ್ಟ್ ಬರೆಯುವುದನ್ನು ಕಲಿಸಿದವಳೂ ಅವಳೇ. ತುಮಕೂರಿನಲ್ಲಿ ತರಬೇತಿ ನಡೆದಾಗ ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗಿದವರು. ಮಂಗಳಾ ವಯಸ್ಸಿನಲ್ಲಿ ಚಿಕ್ಕವಳು. ವರಕ್ಕ, ವರಕ್ಕ ಎಂದು ಸೆರಗು ಹಿಡಿದುಕೊಂಡೇ ತಿರುಗುತ್ತಿದ್ದಳು.

ಹೋದ ಮಳೆಗಾಲದಲ್ಲಿ ಮಧುಗಿರಿಯ ಒಂದು ಟ್ರಸ್ಟಿನ ಅಂಜನ್ ಕುಮಾರ್ ಎಂಬವರು ಎರಡೂ ಹಟ್ಟಿಗೆ ಬಂದು ಒಂದು ಸುದ್ದಿ ಹೇಳಿದರು. ಹಾಲೆಂಡ್ ದೇಶದ ಕಾಲೇಜು ಹುಡುಗ ಹುಡುಗಿಯರು ಇಲ್ಲಿಯ ಮಕ್ಕಳಿಗೆಂದು ದುಡ್ಡು ಕೂಡಿಸುತ್ತಿದ್ದಾರೆ. ಕೇಕ್ ಮಾಡಿ ಮಾರುತ್ತಾರೆ, ಜನರ ಕಾರು ತೊಳೆಯುತ್ತಾರೆ, ಓಟ ಓಡುತ್ತಾರೆ. ರಜೆಯಲ್ಲಿ ತಾವೇ ಬಂದು, ಇಟ್ಟಿಗೆ ಹೊತ್ತು, ಅಂಗನವಾಡಿಗೆ ಹೊಸ ಕಟ್ಟಡ ಕಟ್ಟಿಕೊಡುತ್ತಾರೆ. ಆದರೆ ಎರಡು ಹಟ್ಟಿಯಲ್ಲಿ ಒಂದಕ್ಕೆ ಮಾತ್ರ. ಯಾವುದಕ್ಕೆಂದು ಮೊದಲು ಇಬ್ಬರು ಬಂದು ನೋಡಿ ಹೋಗುತ್ತಾರೆ.

"ಓಡಿದ್ರೆ ದುಡ್ಡು ಯಾರು ಕೊಡ್ತಾರಪ್ಪಾ?" ಎಂದು ಕೇಳಿದಳು ವರಲಕ್ಷ್ಮಿಯ ಅತ್ತೆ ಆಂಜಿನಮ್ಮ. "ನಾನು ಈ ಮೇಕೆ ಹಿಂದೆ ದಿನಾ ಓಡ್ತೀನಿ. ಯಾರೂ ಒಂದ್ ಕಾಸು ಕೊಟ್ಟಿಲ್ಲ."

ದೂರದಿಂದ ನೆಂಟರು ಬರುತ್ತಾರೆಂದರೆ ಈ ಸೀಮೆಯ ಹೆಂಗಸರು ಏನು ಮಾಡುತ್ತಾರೋ ವರಲಕ್ಷ್ಮಿಯೂ ಅದನ್ನೇ ಮಾಡಿದಳು. ಗೋಡೆಗೆ ಸುಣ್ಣ ಹೊಡೆದಳು. ಅಂಗಳ ಸಾರಿಸಿ ರಂಗೋಲಿ ಬಿಟ್ಟಳು. ಚಪ್ಪಡಿಯ ಸಂದುಗಳಿಗೆ ಸಿಮೆಂಟು ಮೆತ್ತಿಸಿದಳು. ಮಕ್ಕಳಿಗೆ ಯುಗಾದಿಯ ಬಟ್ಟೆ ಹಾಕಿಸಿದಳು. ಬಂದ ಹುಡುಗಿ ಆನೆಕೆ ಮತ್ತು ಅವಳ ಜೊತೆಯ ಹುಡುಗ ಮಕ್ಕಳ ಹಾಡು ಕೇಳಿದರು, ಚಪ್ಪಾಳೆ ತಟ್ಟಿದರು, ನಿಂಬೆ ಪಾನಕ ಕುಡಿದು ಕೈಮುಗಿದು ಹೋದರು. ವರಲಕ್ಷ್ಮಿ ಗೆದ್ದೆನೆಂದುಕೊಂಡಳು.

ಮಂಗಳಾ ಆಗ ಕೊರಟಗೆರೆಯಲ್ಲಿ ಅಕ್ಕನ ಬಾಣಂತನಕ್ಕೆ ಹೋಗಿದ್ದಳು. ಸುದ್ದಿ ತಿಳಿದು ಅವಳು ಬಸ್ಸಿಳಿಯುವುದಕ್ಕೂ ಜೀಪು ಬರುವುದಕ್ಕೂ ಸರಿಯಾಯಿತು. ಅವಳ ಕೇಂದ್ರದಲ್ಲಿ ಮೇಲೆ ತೂತು ಬಿದ್ದ ಶೀಟು, ಕೆಳಗೆ ಬಕೆಟ್ಟು, ಜಗಲಿಯಲ್ಲಿ ಯಾರೋ ಕಟ್ಟಿದ ಮೇಕೆಗಳು, ಸಿಂಬಳ ಸುರಿಸುತ್ತಿದ್ದ ಮಕ್ಕಳು. ಇಂಥ ಸ್ಥಿತಿಯಲ್ಲಿ ಪರದೇಶದವರ ಮುಂದೆ ನಿಲ್ಲಬೇಕಾಯಿತಲ್ಲ ಎಂದು ಅವಳು ನಾಚಿಕೆಯಿಂದ ಅತ್ತೇಬಿಟ್ಟಳು. ಅವಳು ಅತ್ತದ್ದನ್ನು ಕಂಡು ಆನೆಕೆಯೂ ಅತ್ತಳು. ಕಟ್ಟಡ ಕೆಳಗಿನಹಟ್ಟಿಗೆ ಎಂದಾಯಿತು.

"ಇವರದ್ದು ಚೆನ್ನಾಗೇ ಇದೆಯಲ್ಲ, ಇವರಿಗೇನು ಕೊರತೆ ಅಂದ್ರು ಮೇಡಂ," ಎಂದು ಅಂಜನ್ ಕುಮಾರ್ ವರಲಕ್ಷ್ಮಿಗೆ ತಿಳಿಸಿದರು.

ಆಂಜಿನಮ್ಮ ಪಾವಗಡದ ಗಡಿಯಾಚೆಯಿಂದ ಬಂದವಳು, ಸಿಟ್ಟು ಬಂದಾಗ ಬಾಯಲ್ಲಿ ತೆಲುಗು ಬರುತ್ತದೆ. "ಏಮೇ ವರಂ, ಸುಣ್ಣ ಹೊಡ್ದೂ ಹೊಡ್ದೂ ಬಂದಿದ್ದ ಅದೃಷ್ಟಾನೂ ಬಳ್ದಾಕ್ಬುಟ್ಟೆ ಕಣೇ!"

"ಬರೋ ನೆಂಟ್ರ ಮುಂದೆ ಮನೆ ಗಲೀಜಾಗಿ ಮಡಿಕ್ಕಂಡು ಕೂತ್ಕೊಬೇಕಿತ್ತಾ ಅತ್ತೆ?"

"ಆ ಮಂಗಳಾ ಕೂತ್ಕಂಡ್ಳಲ್ಲ! ಅವ್ಳೇ ಜಾಣೆ."

ಆ ಮಾತು ವರಲಕ್ಷ್ಮಿಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಚಳಿಗಾಲದ ರಜೆಯಲ್ಲಿ ವಿದ್ಯಾರ್ಥಿಗಳ ಗುಂಪೇ ಬಂತು. ಅಷ್ಟರಲ್ಲಿ ಗೋಡೆ ಎಬ್ಬಿಸಿದ್ದ ಮೇಸ್ತ್ರಿ ಪರ್ವತಯ್ಯ ಹೇಳಿದಂತೆ ಅವರು ಮರಳು ಜರಡಿ ಹಿಡಿದರು, ಬಾಂಡಲಿ ಹೊತ್ತರು, ಬಿಸಿಲಿಗೆ ಮುಖ ಕೆಂಪಗಾಗಿಸಿಕೊಂಡು ನಗುತ್ತಲೇ ಗೋಡೆಗೆ ಬಣ್ಣ ಬಳಿದರು. ತೂಕದ ಯಂತ್ರ ಬೇಕೆಂಬ ನೆಪ ಮಾಡಿಕೊಂಡು ವರಲಕ್ಷ್ಮಿ ಒಮ್ಮೆ ನೋಡಲು ಹೋದಳು. ಟೈಲ್ಸ್ ಹಾಕಿದ ಅಡುಗೆಮನೆ, ಮಕ್ಕಳ ಅಳತೆಯ ಪುಟ್ಟ ಕಮೋಡು, ನಲ್ಲಿ. ನಲ್ಲಿ ತಿರುಗಿಸಿದರೆ ನೀರು! ತನ್ನ ಕೇಂದ್ರದ ಪಾಲಾಕ್ಷ, ದಿನವೂ ತನ್ನ ಮಡಿಲಲ್ಲಲ್ಲದೆ ನಿದ್ದೆ ಮಾಡದ ಆ ಪೋರ, ಆನೆಕೆಯ ಹೆಗಲೇರಿ ಕೂತಿದ್ದ. "ಮಿಸ್, ಅನಕ್ಕ ನನ್ನ ಕುದುರೆ!" ಎಂದು ಕೂಗಿದ. ಇಳಿದು ಬರಲಿಲ್ಲ. ವರಲಕ್ಷ್ಮಿ ತೂಕದ ಯಂತ್ರ ತೆಗೆದುಕೊಳ್ಳುವುದನ್ನೇ ಮರೆತು ಹಿಂತಿರುಗಿದಳು.

ಪ್ರಾರಂಭೋತ್ಸವದ ದಿನ ಬಾಗಿಲ ಪಕ್ಕ ಎರಡು ದೊಡ್ಡ ಫೋಟೋಗಳಿರುವ ಬೋರ್ಡೊಂದನ್ನು ಹಾಕಿದ್ದರು. ಒಂದರಲ್ಲಿ ಹೊಸ ಕಟ್ಟಡ. ಇನ್ನೊಂದರಲ್ಲಿ ಹಳೆಯ ಕೋಣೆ, ಸಿಂಬಳದ ಮಕ್ಕಳು, ತಲೆ ಕೆದರಿಕೊಂಡು ಅಳುತ್ತಿರುವ ಮಂಗಳಾ. ಅದೇ ಫೋಟೋ ಹಾಲೆಂಡಿನಲ್ಲಿ ಎಷ್ಟೋ ಜನರ ಕೈ ಸೇರಿ ದುಡ್ಡು ತಂದಿತ್ತಂತೆ.

"ತೆಗೀರಿ ಅಂದೆ ವರಕ್ಕ, ಕೇಳ್ಲಿಲ್ಲ," ಎಂದಳು ಮಂಗಳಾ ಮೆಲ್ಲಗೆ. "ಬಂದೋರೆಲ್ಲ ಮೊದ್ಲು ಅದನ್ನೇ ನೋಡ್ತಾರೆ. ನಮ್ಮತ್ತೆನ ಕೇಳ್ತಾರೆ, ಇದ್ಯಾಕೆ ನಿನ್ ಸೊಸೆ ಅಳ್ತಾ ಅವ್ಳೆ ಅಂತ."

"ಅತ್ರೂ ಕಟ್ಟಡ ಬಂತಲ್ಲ ನಿಂಗೆ. ನಗ್ತಾ ಇದ್ದೋರಿಗೆ ಏನ್ ಬಂತು?" ಎಂದಳು ವರಲಕ್ಷ್ಮಿ. ಅಂದ ಮೇಲೆ ಅವಳ ನಾಲಿಗೆಗೇ ಕಹಿಯಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ, ಆ ಅಳುವ ಫೋಟೋದ ಮೇಲೂ ಅವಳಿಗೆ ಅಸೂಯೆಯಿತ್ತು.

ಮಾರನೆಯ ದಿನದಿಂದಲೇ ಮೇಲಿನಹಟ್ಟಿಯ ಮಕ್ಕಳು ಒಬ್ಬೊಬ್ಬರಾಗಿ ಏರಿಯ ದಾರಿ ಹಿಡಿದರು. ಜೋಕಾಲಿ ಬೇಕೆಂದು ಮನೆಯಲ್ಲಿ ಹಟ, ತಾಯಂದಿರು ಕೂಲಿಗೆ ಹೋಗುವಾಗ ಅಲ್ಲಿಯೇ ಬಿಟ್ಟು ಹೋಗುವುದು. ಕೇಂದ್ರ ನೋಡಲು ಬಂದ ಸೂಪರ್‌ವೈಸರ್ ಮೇಡಂ ಖಾಲಿ ಚಾಪೆಯನ್ನು ನೋಡಿದರು. "ಹಿಂಗೇ ಆದ್ರೆ ಇದನ್ನ ಕೆಳಗಿನಹಟ್ಟಿಗೇ ಸೇರಿಸ್ತಾರೆ ವರಲಕ್ಷ್ಮಿ. ಆಮೇಲೆ ನಿನ್ನನ್ನ ಎಲ್ಲಿಗೆ ಹಾಕ್ತಾರೋ ನಂಗೊತ್ತಿಲ್ಲ. ಮಕ್ಕಳನ್ನ ಹೆಂಗಾದ್ರೂ ಕರ್ಕೊಂಡು ಬಾ."

ಕರೆತರುವುದೆಂದರೆ ಮಂಗಳಾಳ ಬಾಗಿಲಿಗೆ ಹೋಗಿ ನಿಲ್ಲಬೇಕು. ಸತ್ತರೂ ಅದಾಗದು ಎಂದುಕೊಂಡಳು.

ಅಷ್ಟರಲ್ಲಿ ಅಂಜನ್ ಕುಮಾರ್ ಫೋನು ಮಾಡಿದರು. ವಿದ್ಯಾರ್ಥಿಗಳು ಊರಿಗೆ ಹೊರಡುವ ಮೊದಲು, ಬರುವ ವರ್ಷ ಕಟ್ಟಲು ಇನ್ನೊಂದು ಜಾಗ ನೋಡುತ್ತಾರೆ. ನಾಳೆ ಮೇಲಿನಹಟ್ಟಿಗೂ ಬರುತ್ತಾರೆ. "ಈ ಸಲ ಸುಣ್ಣಗಿಣ್ಣ ಬೇಡ ಮೇಡಂ. ಸ್ವಲ್ಪ... ನಿಮಗರ್ಥ ಆಗುತ್ತಲ್ಲ?"

ವರಲಕ್ಷ್ಮಿಗೆ ಅರ್ಥವಾಯಿತು. ಆ ಸಂಜೆ ಉಳಿದ ಮಕ್ಕಳ ಮನೆಗಳಿಗೆ ಹೋಗಿ, ನಾಳೆ ಸ್ನಾನ ಮಾಡಿಸಬೇಡಿ, ಎದ್ದ ಹಾಗೆಯೇ ಕಳಿಸಿ ಎಂದಳು.

"ಟೀಚರಮ್ಮ, ಹುಸಾರಾಗಿದೀರಾ?" ಎಂದು ಪಾಲಾಕ್ಷನ ತಾಯಿ ಅವಳ ಹಣೆ ಮುಟ್ಟಿ ನೋಡಿದಳು. ಪಾಲಾಕ್ಷನಿಗೆ ನೆಗಡಿ. ಏರಿಯ ಗಾಳಿಗೆ ಹೆದರಿ ತಾಯಿ ಅವನನ್ನು ಆ ವಾರ ಆಚೆ ಕಳಿಸಿರಲಿಲ್ಲ.

ಬೆಳಗ್ಗೆ ಅವಳು ಕೋಣೆಯನ್ನು ಗುಡಿಸಲಿಲ್ಲ. ಚಾರ್ಟುಗಳನ್ನು ಬಿಚ್ಚಿ ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿದಳು. ಚಪ್ಪಡಿಯ ಸಂದಿನ ಸಿಮೆಂಟನ್ನು ಕೋಲಿನಿಂದ ಕೆದಕಿ ಬೀಳಿಸಿದಳು. ಅತ್ತೆಯ ಮೇಕೆಯನ್ನು ತಂದು ಕಂಬಕ್ಕೆ ಕಟ್ಟಿದಳು.

"ನನ್ ಮೇಕೆ ಯಾಕೇ? ಮಕ್ಕಳು ಸಾಲ್ದು ಅಂತ ಇದಕ್ಕೂ ಹಾಜರಿ ಹಾಕ್ತೀಯಾ?" ಎಂದಳು ಆಂಜಿನಮ್ಮ.

ಬಂದ ಮಕ್ಕಳು ಬಾಗಿಲಲ್ಲೇ ನಿಂತರು. ಮಿಸ್ಸಿನ ಮುಖ ನೋಡಿದರು, ಮೇಕೆಯನ್ನು ನೋಡಿದರು. ಆಮೇಲೆ ಅಭ್ಯಾಸದಂತೆ ಚಪ್ಪಲಿ ಜೋಡಿಸಿಟ್ಟರು. ಒಂದು ಹೆಣ್ಣುಮಗು ಮೂಲೆಯಿಂದ ಪೊರಕೆ ಎಳೆದು ತಂದು ಹಿಕ್ಕೆ ಗುಡಿಸತೊಡಗಿತು.

"ಬುಡೇ, ಗುಡಿಸ್ಬೇಡ!" ಎಂದು ವರಲಕ್ಷ್ಮಿ ಗದರಿದಳು.

"ಗಲೀಜು, ಮಿಸ್," ಎಂದಿತು ಮಗು, ಅವಳಿಗೇ ಪಾಠ ಹೇಳುವಂತೆ. ವರಲಕ್ಷ್ಮಿ ಪೊರಕೆ ಕಿತ್ತುಕೊಂಡು ಅದರ ಮೇಲೆ ತಾನೇ ಕೂತಳು. ಪಾಲಾಕ್ಷನ ಮೂಗು ಸುರಿಯುತ್ತಿತ್ತು. ಅವಳ ಕೈ ಸೆರಗಿನ ತುದಿಗೆ ಹೋಯಿತು. ಕೈಯನ್ನು ಹಿಂದಕ್ಕೆಳೆದು ಮಡಿಲಲ್ಲಿ ಬಿಗಿಹಿಡಿದಳು.

ಜೀಪು ಬಂತು. ಆನೆಕೆ, ಅವಳ ಗೆಳೆಯರು, ಅಂಜನ್ ಕುಮಾರ್ ಇಳಿದರು. ಹುಡುಗರು ನೀನೂ ಬಾ ಎಂದು ಹತ್ತಿಸಿಕೊಂಡಿದ್ದ ಮಂಗಳಾ ಕೊನೆಗೆ ಇಳಿದಳು. ಒಳಗೆ ಕಾಲಿಟ್ಟವಳೇ ಬರಿಗೋಡೆ ನೋಡಿದಳು, ನೆಲ ನೋಡಿದಳು, ಮೇಕೆಯ ಮುಂದೆ ನಿಂತಳು. ಅದು ಯಾರ ಮೇಕೆಯೆಂದು ಅವಳಿಗೆ ಚೆನ್ನಾಗಿ ಗೊತ್ತು. ಮಂಗಳಾ ಹೋಗಿ ಕಿಟಕಿಯ ಹತ್ತಿರ ನಿಂತಳು. ಅವಳು ಬಾಯಿಬಿಟ್ಟು ಆಡಿಕೊಂಡಿದ್ದರೇ ವಾಸಿಯಿತ್ತು ಎಂದುಕೊಂಡಳು ವರಲಕ್ಷ್ಮಿ.

ಆನೆಕೆ ಸುತ್ತ ನೋಡಿದಳು. ಅವಳ ಕಣ್ಣು ತುಂಬಿ ಬಂತು. ಅಂಜನ್ ಕುಮಾರ್ ಕೆಲಸ ಆಯಿತು ಎಂಬಂತೆ ವರಲಕ್ಷ್ಮಿಯ ಕಡೆ ತಲೆಯಾಡಿಸಿದರು. ಆನೆಕೆ ಮಂಡಿಯೂರಿ ಪಾಲಾಕ್ಷನ ಮುಖದ ಹತ್ತಿರಕ್ಕೆ ಫೋನು ಹಿಡಿದಳು. ಫೋಟೋ ಎಂದೊಡನೆ ಪಾಲಾಕ್ಷ ಮಿಸ್ಸು ಹೇಳಿಕೊಟ್ಟಂತೆ ನೆಟ್ಟಗೆ ನಿಂತ. ಎರಡೂ ಕೈ ಜೋಡಿಸಿದ. ಬಾಯಿ ತುಂಬ ನಕ್ಕ. ಸಿಂಬಳ ತುಟಿಗಿಳಿದಿತ್ತು, ಅದರ ಮೇಲೆ ನೊಣ ಕೂತಿತ್ತು. ತಾನು ಚೆಂದ ಕಾಣುತ್ತಿದ್ದೇನೆಂದೇ ಅವನು ತಿಳಿದಿದ್ದ.

ಫೋನಿನ ಪರದೆಯಲ್ಲಿ ಆ ಮುಖ ವರಲಕ್ಷ್ಮಿಗೂ ಕಂಡಿತು. ಇದು ಹಾಲೆಂಡಿಗೆ ಹೋಗುತ್ತದೆ. ಕೇಕ್ ಕೊಳ್ಳುವವರೆಲ್ಲ ನೋಡುತ್ತಾರೆ. ಆಮೇಲೆ ಬಾಗಿಲ ಪಕ್ಕದ ಬೋರ್ಡಿಗೆ ಬರುತ್ತದೆ. ಇವನು ದೊಡ್ಡವನಾದ ಮೇಲೂ ಅಲ್ಲೇ ಇರುತ್ತದೆ.

"ತಡೀರಿ," ಎಂದು ಅವಳು ಎದ್ದು ಫೋನಿಗೆ ಅಡ್ಡ ನಿಂತಳು. "ತಡೀರಿ ಸಾರ್, ಇಂಗೆ ಬ್ಯಾಡ."

"ಮೇಡಂ, ಏನ್ ಮಾಡ್ತಿದೀರಾ?" ಅಂಜನ್ ಕುಮಾರ್ ಹಲ್ಲು ಕಚ್ಚಿ ಪಿಸುಗುಟ್ಟಿದರು. "ಎಲ್ಲಾ ಸರಿಹೋಗಿತ್ತಲ್ಲ!"

ಅವಳು ಪಾಲಾಕ್ಷನ ಮೂಗನ್ನು ಸೆರಗಿನಿಂದ ಒರೆಸಿದಳು. ಮಕ್ಕಳನ್ನು ಸಾಲಾಗಿ ಹೊರಗೆ ಕರೆದು ಮುಖ ತೊಳೆಸಿ ತಲೆ ಬಾಚಿದಳು. ಮೇಕೆಯನ್ನು ಬಿಚ್ಚಿ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಕೊಟ್ಟಳು. ಅಟ್ಟದಿಂದ ಚಾರ್ಟು ಇಳಿಸುವಾಗ ಮಂಗಳಾ ಬಂದು ಇನ್ನೊಂದು ತುದಿ ಹಿಡಿದಳು. ಪರದೇಶದ ಹುಡುಗರು ಬಿಸಿಲಲ್ಲಿ ಕಕ್ಕಾಬಿಕ್ಕಿಯಾಗಿ ನಿಂತಿದ್ದರು.

"ಈಗ ತೆಗೀರಿ," ಎಂದಳು ವರಲಕ್ಷ್ಮಿ. "ಏನ್ ಮೆತ್ತಿದ್ರೂ ಮಳೆ ಬಂದ್ರೆ ಸೋರುತ್ತೆ, ಕಕ್ಕಸಿಲ್ಲ, ನೀರು ಹೊತ್ತು ತರ್ತೀನಿ. ಅದನ್ನ ಬೇಕಾದ್ರೆ ಬರ್ಕೊಳ್ಳಿ. ಮೇಕೆ ನಮ್ಮನೇದು, ನಾನೇ ಕಟ್ಟಿದ್ದು."

ಅಂಜನ್ ಕುಮಾರ್ ಅದರಲ್ಲಿ ಎಷ್ಟನ್ನು ಇಂಗ್ಲಿಷಿಗೆ ತಿರುಗಿಸಿದರೋ ಯಾರಿಗೂ ತಿಳಿಯದು. ಆನೆಕೆ ಮುಜುಗರದಿಂದ ಕೆಂಪಗಾಗಿ, ಹೊಳೆಯುವ ಮುಖದ ಮಕ್ಕಳ ಒಂದು ಫೋಟೋ ತೆಗೆದಳು. ಹೊರಡುವಾಗ ಅಂಜನ್ ಕುಮಾರ್ ಅದನ್ನು ನೋಡಿ ನಿಟ್ಟುಸಿರು ಬಿಟ್ಟರು. "ಇದನ್ನ ತೋರಿಸಿದ್ರೆ ಅಲ್ಲಿ ಯಾರು ಮೇಡಂ ಕಾಸು ಬಿಚ್ತಾರೆ?" ಸಿರಾ ಕಡೆ ಮದಲೂರಿನ ಹತ್ತಿರ ಇನ್ನೊಂದು ಜಾಗ ನೋಡುವುದಿದೆ ಎಂದು ಎಲ್ಲರನ್ನೂ ಜೀಪು ಹತ್ತಿಸಿದರು. ಅದರ ಅರ್ಥ ಏನೆಂದು ವರಲಕ್ಷ್ಮಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಟ್ಟಡ ಬರುವುದಿಲ್ಲ. ಉಳಿಯುವ ದಾರಿಯೆಂದರೆ ಮಕ್ಕಳು ಮಾತ್ರ. ಮಾರನೆಯ ದಿನ ಅವಳು ಮೊಟ್ಟೆ ಬೇಯಿಸಿ ಬುಟ್ಟಿಗೆ ಹಾಕಿಕೊಂಡು, ಪಾಲಾಕ್ಷನ ಕಿವಿಗೆ ಟವಲು ಸುತ್ತಿ, ಇದ್ದ ಮಕ್ಕಳೊಂದಿಗೆ ಏರಿಯ ಮೇಲೆ ಹೊರಟಳು. ಹಳದಿ ಗೋಡೆ ಹತ್ತಿರವಾಯಿತು, ಹೊಟ್ಟೆಯ ಉರಿ ಹಾಗೆಯೇ ಇತ್ತು. ಆದರೂ ನಡೆದಳು.

"ನನ್ ಮಕ್ಕಳ್ನ ಕರ್ಕೊಂಡೋಗಕ್ಕೆ ಬಂದೆ," ಎಂದಳು ಮಂಗಳಾಳ ಬಾಗಿಲಲ್ಲಿ ನಿಂತು. "ಅವ್ರ ಹೆಸ್ರಿನ ಮೊಟ್ಟೆ ನನ್ ಕೇಂದ್ರಕ್ಕೆ ಬರೋದು."

"ಅದಕ್ಕೇ ವರಕ್ಕ, ನಾನು ದಿನಾ ಒಂದೊಂದ್ ಮೊಟ್ಟೆ ಅರ್ಧ ಅರ್ಧ ಮಾಡಿ ಹಂಚ್ತಾ ಇವ್ನಿ," ಎಂದಳು ಮಂಗಳಾ. "ಕರ್ಕೊಂಡೋಗು ಪುಣ್ಯಾತ್ಗಿತ್ತಿ. ಆದ್ರೆ ಬರಬೇಕಲ್ಲ ಅವು?"

ವರಲಕ್ಷ್ಮಿ ಜೋಕಾಲಿಯ ಕಡೆ ತಿರುಗಿ ಹೇಳಿದಳು. "ನೋಡ್ರೋ, ಬೆಳಿಗ್ಗೆ ಹಾಡು, ಊಟ, ಮೊಟ್ಟೆ ನನ್ ಹತ್ರ. ಸಾಯಂಕಾಲ ನಾನೇ ಇಲ್ಲಿಗೆ ಕರ್ಕೊಂಬತ್ತೀನಿ."

"ಸುಳ್ಳು!" ಎಂದಿತು ಮೇಲಿದ್ದ ಮಗು.

"ನಾನ್ಯಾವಾಗ್ಲಾ ಸುಳ್ಳು ಹೇಳಿದೀನಿ?"

ಮಂಗಳಾ ಕೆಮ್ಮಿದಳು. ವರಲಕ್ಷ್ಮಿ ಅವಳನ್ನು ದುರುಗುಟ್ಟಿ ನೋಡಿದಳು, ಆಮೇಲೆ ತಡೆಯಲಾರದೆ ನಕ್ಕಳು.

ಹೆಚ್ಚಿನವರು ಇಳಿದು ಬಂದು ಬುಟ್ಟಿಯ ಸುತ್ತ ನಿಂತರು. ಒಂದಿಬ್ಬರು ಇಳಿಯಲೇ ಇಲ್ಲ, ಸರಪಳಿ ಹಿಡಿದು ಹಟ ಮಾಡಿದರು. ಅವರನ್ನು ಬಿಟ್ಟು ಹೊರಡುವಾಗ ಅವಳಿಗೆ ಮತ್ತೆ ಒಳಗೆ ಚುರ್ರೆಂದಿತು.

"ಇವು ಬರ್ಲಿಲ್ವಲ್ಲ, ನಾಳೆನೂ ಬತ್ತೀಯಾ?" ಎಂದು ಮಂಗಳಾ ಹಿಂದಿನಿಂದ ಕೇಳಿದಳು.

"ಅವು ಬರೋಗಂಟ ಬತ್ತೀನಿ," ಎಂದು ವರಲಕ್ಷ್ಮಿ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡಳು. ನೀರಿನ ಕಡೆ ಹೋಗದಂತೆ ಮಕ್ಕಳನ್ನು ಒಂದೇ ಸಾಲಿಗೆ ನಿಲ್ಲಿಸಿ, ಪಾಲಾಕ್ಷನ ಕೈ ಹಿಡಿದು ಏರಿ ಹತ್ತಿದಳು.